‘ಶುಭವಾಗಲಿ’ಯ ಆಚೆಗೆ: ಮದುವೆಯ ಸಹಿ ಪುಸ್ತಕಕ್ಕೆ ಬದಲಿ, ಗೆಳತಿಯರಿಗೆ ತಮಾಷೆಯ ಉಡುಗೊರೆ

ಮದುವೆ ಮುಗಿದ ಎರಡು ವಾರಕ್ಕೆ ಸಹಿ ಪುಸ್ತಕವನ್ನು ತೆರೆದವರಿಗೆ ಕಾಣುವುದು ಸಾಮಾನ್ಯವಾಗಿ ಇಷ್ಟೇ: ಮೊದಲ ನಾಲ್ಕು ಪುಟಗಳಲ್ಲಿ ‘ಶುಭವಾಗಲಿ’, ‘ನೂರು ಕಾಲ ಸುಖವಾಗಿ ಬಾಳಿ’ ಎಂಬ ಮಾತುಗಳು ಬೇರೆ ಬೇರೆ ಕೈಬರಹದಲ್ಲಿ ಮರಳಿ ಮರಳಿ ಬಂದಿರುತ್ತವೆ, ಐದನೆಯ ಪುಟದಲ್ಲಿ ಯಾವುದೋ ಮಗು ಗೀಚಿದ ಬೆಕ್ಕಿನ ಚಿತ್ರವಿರುತ್ತದೆ, ಆಮೇಲೆಲ್ಲ ಖಾಲಿ ಹಾಳೆ. ಆ ಪುಸ್ತಕದಲ್ಲಿ ನೆನಪಿನಲ್ಲಿ ಉಳಿಯುವುದು ಬೆಕ್ಕು ಮಾತ್ರ. ಬಂದವರಿಗೆ ಅಕ್ಕರೆ ಇರುವುದಿಲ್ಲ ಎಂದು ಇದರ ಅರ್ಥವಲ್ಲ. ಬೆನ್ನ ಹಿಂದೆ ಸಾಲು ಬೆಳೆಯುತ್ತಿರುವಾಗ ಬಿಳಿ ಹಾಳೆಯ ಮುಂದೆ ನಿಂತವರಿಗೆ ಮಾತು ಹೊಳೆಯುವುದಿಲ್ಲ. ಹೀಗಾಗಿ ಸಹಿ ಪುಸ್ತಕಕ್ಕೆ ಬದಲಿಯನ್ನು ಹುಡುಕುವವರು ವಸ್ತುವಿನ ಅಂದ ಚೆಂದಕ್ಕಿಂತ ಮೊದಲು ಯೋಚಿಸಬೇಕಾದದ್ದು ಬಂದವರ ಕೈಗೆ ಯಾವ ಪುಟ್ಟ ಕೆಲಸವನ್ನು ಕೊಡುತ್ತೇವೆ ಎಂಬುದನ್ನು. ಮದುಮಗಳ ಜೊತೆ ನಿಲ್ಲುವ ಗೆಳತಿಯರಿಗೆ ಕೊಡುವ ಉಡುಗೊರೆಗೂ ಇದೇ ಮಾತು ಸಲ್ಲುತ್ತದೆ.

ಮೊದಲು ಲೆಕ್ಕ

ಇನ್ನೂರು ಮಂದಿ ಬರುತ್ತಾರೆ, ಒಬ್ಬೊಬ್ಬರು ಒಂದೊಂದು ನಿಮಿಷ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಂಡರೆ ಒಂದೇ ಮೇಜಿನಲ್ಲಿ ಅದಕ್ಕೆ 3 ಗಂಟೆ 20 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಆದ್ದರಿಂದ ನೂರಕ್ಕಿಂತ ಹೆಚ್ಚು ಮಂದಿ ಸೇರುವಲ್ಲಿ ಎರಡು ಮೇಜುಗಳನ್ನು ಹಾಕಬೇಕು, ಇಲ್ಲವೇ ಕಾರ್ಡುಗಳನ್ನು ಕೂತಲ್ಲಿಗೇ ಹಂಚಿ, ಬರೆದಾದ ಮೇಲೆ ಒಟ್ಟುಗೂಡಿಸುವ ಬಗೆಯನ್ನು ಆರಿಸಬೇಕು. ಮೇಜು ಒಳಬಾಗಿಲಿಗೆ ಅಂಟಿಕೊಂಡಿರಬಾರದು, ಏಕೆಂದರೆ ಅಲ್ಲಿ ಎಲ್ಲರಿಗೂ ಒಳಗೆ ಹೋಗುವ ಅವಸರ. ಆ ಮೇಜಿಗೆ ಮಾತುಗಾರಿಕೆಯುಳ್ಳ ಒಬ್ಬರನ್ನು ಗೊತ್ತು ಮಾಡುವುದು ಬಹಳ ಮುಖ್ಯ. ಎಷ್ಟೇ ಸುಂದರವಾದ ಸೂಚನಾ ಫಲಕವಿದ್ದರೂ ‘ಬನ್ನಿ, ಇಲ್ಲಿ ಒಂದು ಎಲೆ ಒತ್ತಿ ಹೋಗಿ’ ಎಂದು ಕರೆಯುವ ದನಿಯ ಕೆಲಸವನ್ನು ಅದು ಮಾಡಲಾರದು.

ಬೆರಳ ಗುರುತಿನ ಮರ

ಎಲೆಗಳಿಲ್ಲದ ಮರದ ಚಿತ್ರವೊಂದನ್ನು ಇಟ್ಟು, ಬಂದವರೆಲ್ಲ ಮಸಿಯಲ್ಲಿ ಬೆರಳದ್ದಿ ಕೊಂಬೆಗಳಿಗೆ ಎಲೆ ಮೂಡಿಸುವ ಈ ವಿಧಾನ ಹೊಸದೇನಲ್ಲ. ಆದರೂ ನನ್ನ ಮೊದಲ ಮತ ಇದಕ್ಕೇ, ಏಕೆಂದರೆ ಅಕ್ಷರ ಬಾರದ ಮಗುವೂ ಕನ್ನಡಕ ಮರೆತು ಬಂದ ಅಜ್ಜನೂ ಇದರಲ್ಲಿ ಸಮಾನವಾಗಿ ಪಾಲ್ಗೊಳ್ಳಬಹುದು.

ಮೊದಲಿಗೆ ಕಾಗದದ ಅಳತೆಯನ್ನು ನಿರ್ಧರಿಸಿ. ಬೆರಳ ಗುರುತು ಮತ್ತು ಅದರ ಪಕ್ಕದ ಹೆಸರು ಸೇರಿ ಸುಮಾರು 2 ಸೆಂ.ಮೀ. ಅಗಲ, 3 ಸೆಂ.ಮೀ. ಉದ್ದದ ಜಾಗವನ್ನು ಬೇಡುತ್ತವೆ. ಎ2 ಹಾಳೆ 420 × 594 ಮಿ.ಮೀ. ಇರುತ್ತದೆ, ಅದರ ಅರ್ಧ ಭಾಗವನ್ನು ಮರದ ತಲೆಗೆ ಬಿಟ್ಟರೆ ಇನ್ನೂರು ಎಲೆಗಳು ಹಿಡಿಸುತ್ತವೆ. ಮಂದಿ ಅದಕ್ಕಿಂತ ಹೆಚ್ಚಿದ್ದರೆ ಎ1 ಹಾಳೆಗೆ ಹೋಗಿ. ಕಾಗದ ಹೊಳಪಿಲ್ಲದ್ದೂ ಆಮ್ಲರಹಿತವಾದದ್ದೂ ಆಗಿರಲಿ, ದಪ್ಪ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದಕ್ಕೆ 200 ಗ್ರಾಂ ತೂಕ) ಕಡಿಮೆ ಇರದಿರಲಿ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ವಸ್ತು ಉಳಿದ ಅಗ್ಗದ ಕಾಗದ ಬೆಳಕಿಗೆ ಹಳದಿಯಾಗುವುದನ್ನು ಹಳೆಯ ದಿನಪತ್ರಿಕೆಯಲ್ಲಿ ಎಲ್ಲರೂ ಕಂಡಿದ್ದೇವೆ.

ಆಮೇಲೆ ಮಸಿಯ ಆಯ್ಕೆ. ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುವ ಡೈ ಮಸಿ ಬೇಗ ಒಣಗುತ್ತದೆ, ಆದರೆ ಬೆಳಕಿಗೆ ಮಾಸುತ್ತದೆ. ಬಣ್ಣದ ನುಣ್ಣನೆಯ ಪುಡಿ ಕರಗದೆ ಬೆರೆತಿರುವ ಪಿಗ್ಮೆಂಟ್ ಮಸಿ ಒಣಗಲು ಕೊಂಚ ಹೊತ್ತು ತೆಗೆದುಕೊಂಡರೂ ಬಣ್ಣವನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ. ಚೌಕಟ್ಟಿನಲ್ಲಿ ಗೋಡೆಗೆ ಹಾಕುವ ಉದ್ದೇಶವಿರುವುದರಿಂದ ಪಿಗ್ಮೆಂಟ್ ಮಸಿಯ ಪ್ಯಾಡುಗಳನ್ನೇ ತನ್ನಿ. ನೀರಿನಲ್ಲಿ ತೊಳೆದರೆ ಬೆರಳಿನಿಂದ ಹೋಗುವಂಥದ್ದೇ ಎಂದು ಹಿಂದಿನ ದಿನ ನಿಮ್ಮ ಬೆರಳಿನ ಮೇಲೆ ಪರೀಕ್ಷಿಸಿ. ಬಣ್ಣಗಳು ಮೂರನ್ನು ಮೀರದಿರಲಿ, ಮೂರೂ ಒಂದೇ ಬಣ್ಣದ ಛಾಯೆಗಳಾಗಿರಲಿ. ಏಳು ಬಣ್ಣಗಳನ್ನು ಇಟ್ಟರೆ ಪ್ಯಾಡಿನಿಂದ ಪ್ಯಾಡಿಗೆ ಬೆರಳು ಹಾರಿ, ಅರ್ಧ ಗಂಟೆಯಲ್ಲಿ ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಮಂದಿ ಮರೆಯುವುದು ಮೊದಲ ಹತ್ತು ಎಲೆಗಳನ್ನು. ಯಾರಾದರೂ ಹೇಳದಿದ್ದರೆ ಎಲ್ಲರೂ ನಡು ಕೊಂಬೆಗೇ ಮುಗಿಬೀಳುತ್ತಾರೆ. ಸಂಜೆಯ ಹೊತ್ತಿಗೆ ಮರದ ಎದೆಯಲ್ಲಿ ಹಸಿರು ಮುದ್ದೆ, ಸುತ್ತ ಬೋಳು ಟೊಂಗೆ. ಇದನ್ನು ತಪ್ಪಿಸಲು ಅತಿಥಿಗಳು ಬರುವ ಮೊದಲೇ ಮನೆಯವರ ಗುರುತುಗಳನ್ನು ಮರದ ಹೊರ ಅಂಚಿನ ಉದ್ದಕ್ಕೂ ಅಲ್ಲಲ್ಲಿ ಒತ್ತಿಸಿಬಿಡಿ. ಅಂಚು ಕಂಡ ಮೇಲೆ ಉಳಿದವರು ತಾವಾಗಿಯೇ ಖಾಲಿ ಜಾಗವನ್ನು ಹುಡುಕುತ್ತಾರೆ. ಬಂದವರಿಗೆ ಹೆಬ್ಬೆಟ್ಟಿನ ಬದಲು ತೋರುಬೆರಳನ್ನು ಬಳಸಲು ಹೇಳಿ. ಮಸಿಯನ್ನು ಮೆಲ್ಲಗೆ ತಾಗಿಸಿ, ಪಕ್ಕದ ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಎರಡನೆಯ ಬಾರಿಗೆ ಮರದ ಮೇಲೆ ಒತ್ತಿದರೆ ಬೆರಳಿನ ಗೆರೆಗಳು ಒಂದೊಂದಾಗಿ ಕಾಣುತ್ತವೆ. ನೇರವಾಗಿ ಒತ್ತಿದರೆ ಬರೀ ಮಸಿಯ ಬೊಟ್ಟು ಉಳಿಯುತ್ತದೆ. ಹೆಸರು ಬರೆಯಲು 0.3ರಿಂದ 0.5 ಮಿ.ಮೀ. ಮೊನೆಯ ಪಿಗ್ಮೆಂಟ್ ಪೆನ್ನುಗಳನ್ನು ದಾರದಿಂದ ಮೇಜಿಗೆ ಕಟ್ಟಿಡಿ, ಪಕ್ಕದಲ್ಲಿ ಒದ್ದೆ ಟಿಶ್ಯೂ ಮತ್ತು ಕಸದ ಬುಟ್ಟಿ ಇರಲಿ. ಬುಟ್ಟಿ ಇಲ್ಲದಿದ್ದರೆ ಹಸಿರು ಟಿಶ್ಯೂಗಳು ಎಲ್ಲೆಲ್ಲಿ ಸಿಗುತ್ತವೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಾಳೆಯನ್ನು ಸುರುಳಿ ಸುತ್ತದೆ ಒಂದು ರಾತ್ರಿ ಚಪ್ಪಟೆಯಾಗಿ ಒಣಗಲು ಬಿಟ್ಟು, ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಟ್ಟು ಚೌಕಟ್ಟು ಹಾಕಿಸಿ, ಬಿಸಿಲು ಬೀಳದ ಗೋಡೆಯಲ್ಲಿ ತೂಗುಹಾಕಿ.

ಆಗಲೇ ಮೂಡುವ ಫೋಟೊ

ಇನ್‌ಸ್ಟ್ಯಾಕ್ಸ್ ಮಿನಿಯಂಥ ಕ್ಯಾಮೆರಾದಲ್ಲಿ ಫೋಟೊ ತೆಗೆದು, ಆಲ್ಬಮ್ಮಿನಲ್ಲಿ ಅಂಟಿಸಿ, ಪಕ್ಕದಲ್ಲಿ ಅವರಿಂದಲೇ ಎರಡು ಸಾಲು ಬರೆಸುವುದು ಇನ್ನೊಂದು ದಾರಿ. ಇದರ ಹಾಳೆ 86 × 54 ಮಿ.ಮೀ., ಚಿತ್ರ ಮೂಡುವ ಭಾಗ 62 × 46 ಮಿ.ಮೀ. ಮಾತ್ರ, ಹೀಗಾಗಿ ಒಂದು ಚಿತ್ರದಲ್ಲಿ ನಾಲ್ಕಕ್ಕಿಂತ ಹೆಚ್ಚು ಮುಖಗಳನ್ನು ತುಂಬಿದರೆ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಮೂವರಿಗೊಂದರಂತೆ ಇನ್ನೂರು ಮಂದಿಗೆ ಸುಮಾರು 67 ಚಿತ್ರಗಳು ಬೇಕು, ಒಂದು ಫಿಲ್ಮ್ ಪೊಟ್ಟಣದಲ್ಲಿ ಹತ್ತು ಇರುತ್ತವೆ. ಕಣ್ಣು ಮುಚ್ಚಿದವರು, ಕ್ಯಾಮೆರಾಕ್ಕೆ ಅಡ್ಡ ಬಂದ ಬೆರಳು ಇವನ್ನೆಲ್ಲ ಲೆಕ್ಕ ಹಿಡಿದು ಒಂಬತ್ತು ಪೊಟ್ಟಣಗಳನ್ನು ತರಿಸಿಕೊಳ್ಳಿ. ಫ್ಲ್ಯಾಶ್‌ನ ಬೆಳಕು ಎರಡೂವರೆ ಮೀಟರಿನ ಆಚೆಗೆ ಅಷ್ಟಾಗಿ ತಲುಪುವುದಿಲ್ಲ, ಆದ್ದರಿಂದ ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಟೇಪಿನ ಗುರುತು ಹಾಕಿಡುವುದು ಒಳ್ಳೆಯದು. ಹೊರಬಂದ ಹಾಳೆಯನ್ನು ಗಾಳಿಯಲ್ಲಿ ಬೀಸುವ ಅಭ್ಯಾಸ ಅನೇಕರಿಗಿದೆ. ಅದರಿಂದ ಚಿತ್ರ ಬೇಗ ಮೂಡುವುದಿಲ್ಲ, ಹಾಳೆ ಬಾಗಿದರೆ ಒಳಗಿನ ರಾಸಾಯನಿಕ ಪದರಕ್ಕೆ ಹಾನಿಯೂ ಆಗಬಹುದು. ಮೇಜಿನ ಮೇಲೆ ಸುಮ್ಮನೆ ಇಟ್ಟರೆ ಸುಮಾರು ಒಂದೂವರೆ ನಿಮಿಷದಲ್ಲಿ ಮುಖಗಳು ತಾವೇ ಮೂಡುತ್ತವೆ, ಅಷ್ಟರಲ್ಲಿ ಬರೆಯುವ ಕೆಲಸ ಮುಗಿಯುತ್ತದೆ. ಖರ್ಚು ಉಳಿಸಲು ಶಾಖದಿಂದ ಮುದ್ರಿಸುವ ಪುಟ್ಟ ರಸೀದಿ ಯಂತ್ರಗಳನ್ನು ತರುವ ಯೋಚನೆ ಬಂದರೆ ದಯವಿಟ್ಟು ಬಿಟ್ಟುಬಿಡಿ: ಹಳೆಯ ರಸೀದಿಗಳು ಅಳಿದುಹೋಗುವಂತೆ ಆ ಮುಖಗಳೂ ಅಳಿದುಹೋಗುತ್ತವೆ.

ದನಿ, ಮರದ ತುಂಡು, ಮುಚ್ಚಿದ ಲಕೋಟೆ

ಹಳೆಯ ಕಾಲದ ಫೋನಿನ ರಿಸೀವರಿನಲ್ಲಿ ರೆಕಾರ್ಡರ್ ಅಳವಡಿಸಿ, ಬೀಪ್ ಸದ್ದಿನ ನಂತರ ಅತಿಥಿಗಳು ಮಾತನಾಡಿ ಹೋಗುವ ಏರ್ಪಾಡನ್ನು ಈಗ ಬಾಡಿಗೆಗೂ ಕೊಡುತ್ತಾರೆ. ಅದನ್ನು ಧ್ವನಿವರ್ಧಕದಿಂದ ದೂರದ ಮೂಲೆಯಲ್ಲಿ ಇಡಬೇಕು, ಮತ್ತು ಅದೇ ರಾತ್ರಿ ಕಡತಗಳನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು.

ಜೋಡಿಸಿ ಚಿತ್ರ ಮಾಡುವ ಜಿಗ್ಸಾ ಆಟದ ಮರದ ತುಂಡುಗಳ ಮೇಲೆ ಸಹಿ ಹಾಕಿಸುವುದೂ ಚೆನ್ನ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮಕ್ಕಳಿಗೆ ಭೂಗೋಳ ಕಲಿಸಲು ನಕಾಶೆಗಳನ್ನು ಮರದ ಹಲಗೆಗೆ ಅಂಟಿಸಿ ಕತ್ತರಿಸಿದ್ದೇ ಈ ಆಟದ ಮೊದಲ ರೂಪಗಳಲ್ಲೊಂದು. ಬರಿಯ ಮರದ ಮೇಲೆ ಮಸಿ ನಾರಿನ ಗುಂಟ ಹರಡುವುದರಿಂದ ಮೊದಲು ತೆಳುವಾಗಿ ವಾರ್ನಿಷ್ ಹಚ್ಚಿ ಒಣಗಿಸಿಕೊಳ್ಳಬೇಕು. ಸಹಿಯಾದ ಮೇಲೆ ಮತ್ತೊಮ್ಮೆ ವಾರ್ನಿಷ್ ಹೊಡೆಯುವ ಮುನ್ನ ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿ. ನಾನು ಮಾಡಲಿಲ್ಲ. ಸ್ಪಿರಿಟ್ ಆಧಾರಿತ ಮಾರ್ಕರಿನ ಅಕ್ಷರಗಳು ವಾರ್ನಿಷ್ ತಾಗಿದೊಡನೆ ಕರಗಿ, ನಮ್ಮ ದೊಡ್ಡಮ್ಮ ಎರಡು ನಿಮಿಷ ಯೋಚಿಸಿ ಬರೆದ ಮಾತು ನನ್ನ ಕಣ್ಣೆದುರೇ ನೇರಳೆ ಕಲೆಯಾಯಿತು. ಆ ತುಂಡನ್ನು ಅವರು ಇಂದಿಗೂ ಗುರುತು ಹಿಡಿಯುತ್ತಾರೆ.

ಬರವಣಿಗೆಯೇ ಬೇಕೆನ್ನುವವರು ಖಾಲಿ ಹಾಳೆಯ ಬದಲು ಅರ್ಧ ವಾಕ್ಯವನ್ನು ಮುದ್ರಿಸಿದ ಕಾರ್ಡು ಕೊಡಲಿ. ‘ನೀವಿಬ್ಬರೂ ಮೊದಲ ಸಲ ಜಗಳವಾಡಿದ ರಾತ್ರಿ ಇದನ್ನು ಓದಿ:’ ಎಂದು ಶುರುವಾಗುವ ಕಾರ್ಡಿನಲ್ಲಿ ‘ಶುಭವಾಗಲಿ’ ಎಂದು ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಇಂಥವನ್ನು ಮೂರು ಲಕೋಟೆಗಳಲ್ಲಿ ಹಾಕಿ, 1, 5 ಮತ್ತು 10ನೆಯ ವಾರ್ಷಿಕೋತ್ಸವಕ್ಕೆ ತೆರೆಯುವಂತೆ ಅಂಟಿಸಿಡಬಹುದು.

ಗೆಳತಿಯರಿಗೆ ನಗೆಯ ಪೊಟ್ಟಣ

ಗೆಳತಿಯರ ಉಡುಗೊರೆಯ ವಿಷಯದಲ್ಲಿ ನನ್ನದೊಂದು ಸಣ್ಣ ತಕರಾರಿದೆ: ಮದುವೆಯ ತಾರೀಖು, ವಧೂವರರ ಹೆಸರು ಅಚ್ಚಾದ ಲೋಟ, ಚೀಲಗಳು ಪಡೆದವಳಿಗಿಂತ ಕೊಟ್ಟವಳನ್ನೇ ಹೆಚ್ಚು ಕೊಂಡಾಡುತ್ತವೆ. ಐದು ಮಂದಿಗೂ ಒಂದೇ ಬಗೆಯ ವಸ್ತು ಕೊಡುವುದಾದರೂ ಒಳಗೊಂದು ಚೀಟಿಯಾದರೂ ಅವಳೊಬ್ಬಳಿಗೇ ಬರೆದದ್ದಾಗಿರಲಿ.

ಸುಲಭವಾದದ್ದು ನೇಮಕಾತಿ ಆದೇಶ. ದಪ್ಪ ಕಾಗದದ ಮೇಲೆ ಕಚೇರಿಯ ಗತ್ತಿನಲ್ಲಿ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿಯವರನ್ನು ಕಣ್ಣೀರು ಒರೆಸುವ ಇಲಾಖೆಯ ಮುಖ್ಯಸ್ಥೆಯನ್ನಾಗಿ ತತ್‌ಕ್ಷಣದಿಂದ ಜಾರಿಗೆ ಬರುವಂತೆ ನೇಮಿಸಲಾಗಿದೆ, ವೇತನ ಇರುವುದಿಲ್ಲ, ರಾಜೀನಾಮೆಯನ್ನು ಅಂಗೀಕರಿಸಲಾಗುವುದಿಲ್ಲ’ ಎಂದು ಬರೆದು, ಕೆಳಗೆ ಸಹಿ, ಮೊಹರು ಒತ್ತಿ. ಇದರ ಜೊತೆ ಹುದ್ದೆಗೆ ತಕ್ಕ ಸಾಮಗ್ರಿ ಇರಲಿ: ಕಣ್ಣೀರಿನ ಇಲಾಖೆಗೆ ಒಳ್ಳೆಯ ಹತ್ತಿಯ ಕರವಸ್ತ್ರ, ಉಡುಪಿನ ಉಸ್ತುವಾರಿಗೆ ಸೂಜಿ, ದಾರ, ಸೇಫ್ಟಿ ಪಿನ್ನು ತುಂಬಿದ ತಗಡಿನ ಡಬ್ಬಿ. ಇದನ್ನು ಮದುವೆಯ ಹಿಂದಿನ ದಿನವೇ ಕೊಡಬೇಕು; ಮರುದಿನ ಆ ಡಬ್ಬಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ನಿಮ್ಮ ನಿಮ್ಮೊಳಗಿನ ಫೋಟೊಗಳಿಂದ ಜೋಡಿ ಹುಡುಕುವ ಆಟದ ಎಲೆಗಳನ್ನು ಮಾಡಿಸಬಹುದು: ಹನ್ನೆರಡು ಫೋಟೊ, ತಲಾ ಎರಡು ಪ್ರತಿ, ಒಟ್ಟು 24 ಎಲೆ. ಚೆಂದದ ಫೋಟೊಗಳಿಗಿಂತ ಬಾಯಿ ತೆರೆದದ್ದು, ಕೂದಲು ಕೆದರಿದ್ದು ಇಲ್ಲಿಗೆ ಹೆಚ್ಚು ಒದಗುತ್ತವೆ. ಆದರೆ ಮುದ್ರಣಕ್ಕೆ ಕಳಿಸುವ ಮೊದಲು ಯಾವ ಫೋಟೊವನ್ನು ಯಾರು ಎಂದಾದರೂ ‘ಅಳಿಸಿಬಿಡು’ ಎಂದು ಕೇಳಿದ್ದರು ಎಂಬುದನ್ನು ನೆನಪಿಸಿಕೊಳ್ಳಿ.

ನನಗೆ ಅತ್ಯಂತ ಪ್ರಿಯವಾದದ್ದು ಪದಬಂಧ. ಹತ್ತು ಮನೆ ಅಗಲ, ಹತ್ತು ಮನೆ ಉದ್ದದ ಚೌಕವನ್ನು ಗೆರೆ ಹಾಕಿದ ಕಾಗದದಲ್ಲಿ ಪೆನ್ಸಿಲಿನಿಂದ ಎಳೆದುಕೊಳ್ಳಿ. ನೆನಪುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದನ್ನೂ ಒಂದೇ ಪದಕ್ಕೆ ಇಳಿಸಿ, ಎಲ್ಲಕ್ಕಿಂತ ಉದ್ದದ ಪದವನ್ನು ನಡುವಿನಲ್ಲಿ ಅಡ್ಡಲಾಗಿ ಇಟ್ಟು, ಉಳಿದವನ್ನು ಅದಕ್ಕೆ ಕೊಂಡಿ ಹಾಕುತ್ತಾ ಹೋಗಿ. ಕನ್ನಡದ ಪದಬಂಧದಲ್ಲಿ ಒತ್ತಕ್ಷರಕ್ಕೂ ಗುಣಿತಾಕ್ಷರಕ್ಕೂ ಒಂದೇ ಮನೆ, ಆದ್ದರಿಂದ ಕೊಂಡಿ ಕೂಡಿಸುವುದು ಎಣಿಸಿದ್ದಕ್ಕಿಂತ ಕಷ್ಟ. ‘ನ’ ಇರುವಲ್ಲಿ ‘ನ್ನ’ ಕೂಡದು, ‘ನಾ’ ಕೂಡ ಕೂಡದು. ಸುಳಿವುಗಳು ಹೊರಗಿನವರಿಗೆ ಅರ್ಥವಾಗಲೇಬಾರದು. ‘ಮೂರು ಪ್ರವಾಸಗಳಲ್ಲೂ ತಪ್ಪದೆ ಕಳೆದುಹೋದದ್ದು (4)’ ಎಂದರೆ ಕನ್ನಡಕ ಎಂದು ಅದನ್ನು ಬಸ್ಸಿನ ಸೀಟಿನಡಿ ಹುಡುಕಿದವಳಿಗೆ ಮಾತ್ರ ಹೊಳೆಯಬೇಕು. ಪ್ರತಿಯೊಬ್ಬ ಗೆಳತಿಗೂ ಅವಳೊಬ್ಬಳೇ ಬಿಡಿಸಬಲ್ಲ ಎರಡು ಸುಳಿವುಗಳನ್ನಿಟ್ಟರೆ ಎಲ್ಲರೂ ಒಟ್ಟಿಗೆ ಕೂತಲ್ಲದೆ ಪದಬಂಧ ಮುಗಿಯುವುದಿಲ್ಲ. ಉತ್ತರದ ಹಾಳೆಯನ್ನು ಪೊಟ್ಟಣದಲ್ಲಿ ಸೇರಿಸಬೇಡಿ. ಬೇಕಾದವರು ಮದುವೆಯ ಮರುವಾರ ಫೋನು ಮಾಡಿ ಕೇಳಲಿ.