ಸೊಳ್ಳೆ ಓಡಿಸೋಕೆ 14 ಕುಂಡ ಇಟ್ಟೆ, ಆಮೇಲೆ ಆದದ್ದು

ನಮ್ಮ ಮನೆ ಸಕಲೇಶಪುರದಿಂದ ಸ್ವಲ್ಪ ಒಳಗೆ. ಮುಂದೆ ಕಣ, ಹಿಂದೆ ಕಾಫಿ ತೋಟ, ಪಕ್ಕದಲ್ಲಿ ಕೊಟ್ಟಿಗೆ. ಸಂಜೆ ಜಗಲಿಯಲ್ಲಿ ಕೂತರೆ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಬರೀ ಕಾಲಿಗೆ ಹೊಡೆದುಕೊಳ್ಳೋಕೆ. ಕಾಯಿಲ್ ಹಚ್ಚಿದರೆ ಮಗನಿಗೆ ಕೆಮ್ಮು. ಹಾಗಾಗಿ ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ವಾರವೇ ನರ್ಸರಿಗೆ ಹೋಗಿ, ಸೊಳ್ಳೆ ಓಡಿಸುತ್ತೆ ಅಂತ ಯಾರ್ಯಾರು ಯಾವ್ಯಾವ ಗಿಡದ ಹೆಸರು ಹೇಳಿದ್ದರೋ ಅದನ್ನೆಲ್ಲ ಗಾಡಿಗೆ ತುಂಬಿಕೊಂಡು ಬಂದೆ. ಸಿಟ್ರೊನೆಲ್ಲಾ ಹುಲ್ಲು, ಪುದೀನ, ಕಾಮಕಸ್ತೂರಿ, ಚೆಂಡು ಹೂ, ಜೊತೆಗೆ 'ಸೊಳ್ಳೆ ಗಿಡ' ಅಂತಲೇ ಚೀಟಿ ಅಂಟಿಸಿದ್ದ ಒಂದು ಜೆರೇನಿಯಂ. ತುಳಸಿ, ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು) ಮನೆಯಲ್ಲೇ ಇತ್ತು. ಒಟ್ಟು 14 ಕುಂಡ. ಜಗಲಿ ಕೊಳೆಯಾಗಬಾರದು ಅಂತ ಪ್ರತಿ ಕುಂಡದ ಕೆಳಗೂ ಒಂದೊಂದು ಪ್ಲಾಸ್ಟಿಕ್ ತಟ್ಟೆ ಇಟ್ಟೆ. ಈ ತಟ್ಟೆ ವಿಷಯ ನೆನಪಿಟ್ಟುಕೊಳ್ಳಿ.

ಮಜ್ಜಿಗೆ ಹುಲ್ಲನ್ನು ಬಾಗಿಲ ಎರಡೂ ಪಕ್ಕ ಸಾಲಾಗಿ ನೆಲಕ್ಕೇ ನೆಟ್ಟೆ. ಅತ್ತೆ ನೋಡಿದವರೇ, "ಸೊಳ್ಳೆ ಹೋಗುತ್ತೋ ಬಿಡುತ್ತೋ, ಹಾವಂತೂ ಬರುತ್ತೆ ಕಣಮ್ಮ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾವು ಬರಲಿಲ್ಲ. ಸೊಳ್ಳೆ ಜಾಸ್ತಿ ಆಯಿತು! ಹುಲ್ಲು ಎದೆಮಟ್ಟ ಬೆಳೆದು ಬುಡದಲ್ಲಿ ತಂಪು, ಕತ್ತಲು, ತೇವ. ಹಗಲು ಹೊತ್ತು ಸೊಳ್ಳೆಗಳು ಕೂತು ದಣಿವಾರಿಸಿಕೊಳ್ಳೋದು ಇಂಥ ಜಾಗದಲ್ಲೇ ಅಂತ ನನಗೆ ಗೊತ್ತಿರಲಿಲ್ಲ. ಒಂದು ದಿನ ನೀರು ಹಾಕೋಕೆ ಹುಲ್ಲು ಸರಿಸಿದೆ, ಮುಖಕ್ಕೇ ಒಂದು ಗುಂಪು ಎದ್ದು ಬಂತು. ಯಾವ ಗಿಡದ ವಾಸನೆಗೆ ಓಡಬೇಕಿತ್ತೋ ಅದರ ಬುಡದಲ್ಲೇ ಸಂಸಾರ ಹೂಡಿದ್ದವು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮಜ್ಜಿಗೆ ಹುಲ್ಲಿನ ಪಕ್ಕ ಸುಮ್ನೆ ನಿಂತರೆ ನಮಗೆ ಎಷ್ಟು ವಾಸನೆ ಬರುತ್ತೆ ಹೇಳಿ? ಎಲೆ ಹರಿದು ಉಜ್ಜಬೇಕು, ಆಗ ಘಂ ಅನ್ನುತ್ತೆ. ಅದಕ್ಕೆ ಆ ವಾಸನೆ ಕೊಡುವ ಸಿಟ್ರಾಲ್ ಆಗಲಿ, ಸಿಟ್ರೊನೆಲ್ಲಾದ ಎಣ್ಣೆ ಆಗಲಿ ಎಲೆಯ ಒಳಗೆ ಕೂತಿರುತ್ತೆ. ಎಲೆ ಜಜ್ಜದೆ ಹೊರಗೆ ಬರೋದು ತೀರಾ ಕಮ್ಮಿ. ನಮ್ಮ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಹಿಡಿದು ಬರುವ ಸೊಳ್ಳೆಗೆ ಅಷ್ಟು ಲೆಕ್ಕಕ್ಕೇ ಇಲ್ಲ. ಆ ಜೆರೇನಿಯಂ ಅನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರಂತೆ, ಗಿಡ ಪಕ್ಕದಲ್ಲಿದ್ದರೂ ಸೊಳ್ಳೆ ಕಚ್ಚೋದು ನಿಲ್ಲಲಿಲ್ಲ. ನಮ್ಮಲ್ಲಿ ಪರೀಕ್ಷೆಯ ಅಗತ್ಯವೇ ಬರಲಿಲ್ಲ ಬಿಡಿ, ಜೂನ್ ಮಳೆಗೆ ಬುಡ ಕೊಳೆತು ಹೋಯಿತು. ಚೆಂಡು ಹೂವಿನ ಕಥೆಯೂ ಅಷ್ಟೇ. ಅದರಲ್ಲಿ ಪೈರೆಥ್ರಿನ್ ಇದೆ ಅಂತಾರೆ, ಆದರೆ ಸೊಳ್ಳೆ ಕೊಲ್ಲುವ ಆ ಪೈರೆಥ್ರಿನ್ ಬರೋದು ಸೇವಂತಿಗೆ ಜಾತಿಯ ಬೇರೊಂದು ಹೂವಿನಿಂದ, ಚೆಂಡು ಹೂವಿನಿಂದ ಅಲ್ಲ.

ಈಗ ತಟ್ಟೆ ವಿಷಯ. ಜುಲೈನಲ್ಲಿ ಆಶಾ ಕಾರ್ಯಕರ್ತೆ ಲಾರ್ವಾ ನೋಡೋಕೆ ಬಂದರು. ಡ್ರಮ್ಮು, ತೊಟ್ಟಿ ನೋಡಿದರು, ಸರಿಯಿತ್ತು. ಹೋಗುವಾಗ ಸಿಟ್ರೊನೆಲ್ಲಾ ಕುಂಡ ಎತ್ತಿ ಕೆಳಗಿನ ತಟ್ಟೆಗೆ ಟಾರ್ಚ್ ಬಿಟ್ಟರು. ಸಣ್ಣ ದಾರದ ಚೂರಿನ ಹಾಗೆ ಹತ್ತಾರು ಮರಿಗಳು ಕುಣಿಯುತ್ತಿದ್ದವು. "ಏನ್ ಅಕ್ಕ, ಸೊಳ್ಳೆ ಓಡ್ಸೋಕೆ ಗಿಡ ಇಟ್ಟಿದ್ದೀರೋ, ಇಲ್ಲ ಸೊಳ್ಳೆ ಸಾಕ್ತಿದ್ದೀರೋ?" ಅಂತ ಕೇಳಿದರು. ಅತ್ತೆ ಒಳಗಿನಿಂದ ನಕ್ಕಿದ್ದು ನನಗೆ ಕೇಳಿಸಿತು.

ಅತ್ತೆಗೆ ನಗೋಕೆ ಹಕ್ಕಿದೆ. 2006ರಲ್ಲಿ ಚಿಕುನ್‌ಗುನ್ಯ ರಾಜ್ಯದ ತುಂಬ ಹರಡಿದಾಗ ಅವರು ತಿಂಗಳುಗಟ್ಟಲೆ ಕೀಲು ನೋವಿನಲ್ಲಿ ಗೋಡೆ ಹಿಡಿದು ನಡೆದವರು. ಅದನ್ನೂ ಡೆಂಗಿಯನ್ನೂ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ. ತಟ್ಟೆಯಲ್ಲಿ ನಿಂತ ತಿಳಿ ನೀರೇ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗೋಕೆ ಹೆಚ್ಚೂಕಮ್ಮಿ 7ರಿಂದ 10 ದಿನ. ನೀರು ಚೆಲ್ಲಿದರೂ ಮೊಟ್ಟೆ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತೆ, ಮಳೆ ಬಿದ್ದಾಗ ಮರಿ ಬರುತ್ತೆ. ಹೂ ಮಳೆ ಆದ ಮೇಲೆ ಸೊಳ್ಳೆ ಎಲ್ಲಿಂದ ಉದುರುತ್ತವೆ ಅಂತ ಪ್ರತಿ ವರ್ಷ ಬೈಯುತ್ತಿದ್ದೆ, ಉತ್ತರ ಇಲ್ಲಿತ್ತು. ಅದಕ್ಕೇ ತಟ್ಟೆಯ ನೀರು ಚೆಲ್ಲಿದರೆ ಸಾಲದು, ತೆಂಗಿನ ನಾರು ಹಾಕಿ ಉಜ್ಜಬೇಕು. ನಾನು ಎಲ್ಲವನ್ನೂ ಉಜ್ಜಿ, ಅರ್ಧದಷ್ಟನ್ನು ತೆಗೆದೇ ಬಿಟ್ಟೆ, ಉಳಿದದ್ದಕ್ಕೆ ಮರಳು ತುಂಬಿದೆ.

ಆಮೇಲೆ ಕಣ್ಣು ಬೇರೆ ಕಡೆಗೂ ಹೋಯಿತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಒಂದೊಂದೂ ಒಂದೊಂದು ದೋಣಿ, ಮಳೆ ಬಂದರೆ ತುಂಬಿ ನಿಲ್ಲುತ್ತೆ. ತೆಂಗಿನ ಚಿಪ್ಪು, ಕಡಿದ ಬಿದಿರಿನ ಮೋಟು, ಟಾರ್ಪಾಲಿನ ಮಡಿಕೆ, ಎಲ್ಲ ಹಾಗೆಯೇ. ಈಗ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಇದಕ್ಕೇ ಮೀಸಲು. ಹಾಳೆ ಮಗುಚೋದು, ಬಿದಿರಿನ ಮೋಟಿಗೆ ಮಣ್ಣು ತುಂಬೋದು. ದನದ ನೀರಿನ ತೊಟ್ಟಿಗೆ ನಾಲ್ಕು ಗಪ್ಪಿ ಮೀನು ಬಿಟ್ಟಿದ್ದೆ, ಈಗ ಲೆಕ್ಕಕ್ಕೆ ಸಿಗುತ್ತಿಲ್ಲ.

ಹಾಗಂತ ಗಿಡ ಎಲ್ಲ ಕಿತ್ತು ಹಾಕಿಲ್ಲ. ಗಿಡ ಕೆಲಸ ಮಾಡುತ್ತೆ, ನಾವು ಕೈ ಹಾಕಿದರೆ ಮಾತ್ರ. ಮಜ್ಜಿಗೆ ಹುಲ್ಲನ್ನು ಹಿತ್ತಿಲ ಬಿಸಿಲಿಗೆ ವರ್ಗ ಮಾಡಿದೆ, ಬುಡ ಬಿಡಿಸಿ ದೂರ ದೂರ ನೆಟ್ಟು ಆಗಾಗ ಕತ್ತರಿಸುತ್ತೇನೆ. ಎಲೆ ಅಂಚು ಹರಿತ, ಕೈ ಕೊಯ್ಯುತ್ತೆ, ಹುಷಾರು. ಸಂಜೆ ತರಕಾರಿ ಕೊಯ್ಯಲು ಹೋಗುವಾಗ ಎಲೆ ಜಜ್ಜಿ ಮೊಣಕಾಲ ಕೆಳಗೆ ಉಜ್ಜಿಕೊಂಡರೆ ನನಗೆ ಅರ್ಧ ಗಂಟೆ ನೆಮ್ಮದಿ ಸಿಗುತ್ತೆ. ಮಗನಿಗೆ ಮಾತ್ರ ಅದು ತುರಿಕೆ, ಹಾಗಾಗಿ ಮೊದಲು ಒಂದು ಕಡೆ ಹಚ್ಚಿ ನೋಡಿ, ಎಳೆ ಮಕ್ಕಳಿಗೆ ಬೇಡವೇ ಬೇಡ. ಉಳಿದ ಹುಲ್ಲು ಮಜ್ಜಿಗೆಗೆ, ಕಷಾಯಕ್ಕೆ. ಸಿಟ್ರೊನೆಲ್ಲಾ ಮಾತ್ರ ಕಷಾಯಕ್ಕೆ ಹಾಕಬೇಡಿ, ಸೋಪು ಕುಡಿದ ಹಾಗಿರುತ್ತೆ. ನೋಡೋಕೆ ಎರಡೂ ಒಂದೇ ಥರ, ಸಿಟ್ರೊನೆಲ್ಲಾದ ಬುಡ ಸ್ವಲ್ಪ ಕೆಂಪಗಿರುತ್ತೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ದುಡ್ಡು ಕೊಡದೆ ಸಿಕ್ಕ ಗಿಡ. ಬೇಲಿಯ ಲಕ್ಕಿ. ಬಾಣಂತಿ ಸ್ನಾನದ ನೀರಿಗೆ ಹಾಕ್ತಾರಲ್ಲ, ಅದೇ ಲಕ್ಕಿ ಸೊಪ್ಪು. ಅರೆಬರೆ ಒಣಗಿದ ಸೊಪ್ಪನ್ನು ಕೆಂಡದ ಮೇಲೆ ಹಾಕಿ ಮುಸ್ಸಂಜೆ ಕೊಟ್ಟಿಗೆಯಲ್ಲಿ ಹೊಗೆ ಇಟ್ಟರೆ ದನಗಳು ಬಾಲ ಬೀಸೋದು ಕಮ್ಮಿಯಾಗುತ್ತೆ, ಅತ್ತೆ ಮೊದಲಿನಿಂದ ಮಾಡುತ್ತಿದ್ದದ್ದೇ ಇದು. ಮನೆಯೊಳಗೆ ನಾನು ಮಾಡೋದಿಲ್ಲ, ಹೊಗೆ ಯಾವ ಸೊಪ್ಪಿನದಾದರೂ ಮಗನ ಕೆಮ್ಮಿಗೆ ಹೊಗೆಯೇ. ಈಡಿಸ್ ಕಚ್ಚೋದು ಹಗಲಲ್ಲಿ, ಅದಕ್ಕೆ ಸಂಜೆಯ ಹೊಗೆ ಉತ್ತರವೂ ಅಲ್ಲ. ಜಗಲಿಗೆ ಒಂದು ಫ್ಯಾನ್ ಹಾಕಿಸಿದೆವು, ಸೊಳ್ಳೆಗೆ ಗಾಳಿ ಎದುರು ಹಾರುವ ಶಕ್ತಿ ಇಲ್ಲ. 14 ಕುಂಡಕ್ಕಿಂತ ಅದೇ ವಾಸಿ ಅನ್ನಿಸಿತು.

ಹೋದ ತಿಂಗಳು ಅದೇ ಆಶಾ ಕಾರ್ಯಕರ್ತೆ ಮತ್ತೆ ಬಂದಿದ್ದರು. ತಟ್ಟೆ ಎಲ್ಲ ಎತ್ತಿ ನೋಡಿ ತಲೆ ಆಡಿಸಿದರು. ಆಮೇಲೆ ನೀರು ಕುಡಿಯೋಕೆ ಅಡುಗೆಮನೆಗೆ ಬಂದವರು, ಕಿಟಕಿಯಲ್ಲಿ ಅತ್ತೆ ಬಾಟಲಿಗೆ ಹಾಕಿಟ್ಟ ಮನಿ ಪ್ಲಾಂಟ್ ಕಡೆ ಟಾರ್ಚ್ ಬಿಟ್ಟರು. ಈ ಸಲ ನಗೋ ಸರದಿ ನನ್ನದಾಯಿತು.