ವೈಟ್ ಬೋರ್ಡ್ ವಿಮಾನದಲ್ಲಿ ಬಾಡಿಗೆ ಹೊಡೆಯಬೇಡಿ

ಕಳೆದ ತಿಂಗಳು ನಮ್ಮ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಅಮೆರಿಕದ ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂದು ಮೂರೇ ವಾರ. "ಅಣ್ಣಾ, ಶನಿವಾರ ಮಾಂಟೆರೇಗೆ ಹೋಗ್ತಿದೀನಿ. ಎರಡು ಸೀಟ್ ಖಾಲಿ ಇದೆ ಅಂತ ಗ್ರೂಪಲ್ಲಿ ಹಾಕಿದೀನಿ, ನೋಡಿದ್ರಾ?" ಅಂದ. ನೋಡಿದ್ದೆ, ನೋಡಿಯೇ ಬೆವರಿದ್ದೆ. ಕೆಲವು ವರ್ಷದ ಹಿಂದೆ ನಾನೂ ಹೀಗೇ ಹಾಕಿದ್ದೆ. "ಮೊದಲು ಅದನ್ನ ಡಿಲೀಟ್ ಮಾಡಪ್ಪಾ, ಆಮೇಲೆ ಮಾತಾಡೋಣ" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನಾನು ನೋಡುತ್ತಿರುವ ಐದನೆಯದೋ ಆರನೆಯದೋ ಕೇಸು.

ಲೈಸೆನ್ಸ್ ಪಡೆಯೋದು ಹೇಗೆ, ಮೆಡಿಕಲ್ ಏನು, ವಿದೇಶಿಯರಿಗೆ ಬೇಕಾದ ಟಿಎಸ್ಎ ಭದ್ರತಾ ಅನುಮತಿ ಏನು, ಅದೆಲ್ಲ ನಿಮಗೆ ಗೊತ್ತು. ನಾನು ಹೇಳೋದು ದುಡ್ಡಿನ ವಿಷಯ ಮಾತ್ರ.

ಊರಿನ ಲೆಕ್ಕದಲ್ಲಿ ಹೇಳ್ತೀನಿ. ಬೆಂಗಳೂರಿನಲ್ಲಿ ವೈಟ್ ಬೋರ್ಡ್ ಕಾರು, ಯೆಲ್ಲೋ ಬೋರ್ಡ್ ಕಾರು ಅಂತ ಇದೆಯಲ್ಲ. ವೈಟ್ ಬೋರ್ಡ್ ಗಾಡಿಯಲ್ಲಿ ಗೆಳೆಯರ ಜೊತೆ ಸಕಲೇಶಪುರಕ್ಕೆ ಹೋಗಿ ಪೆಟ್ರೋಲ್ ಹಂಚಿಕೊಂಡರೆ ಯಾರೂ ಕೇಳಲ್ಲ. ಅದೇ ಗಾಡಿಯಲ್ಲಿ ಬಾಡಿಗೆ ಹೊಡೆದರೆ ಆರ್‌ಟಿಒದವರು ಹಿಡಿಯುತ್ತಾರೆ. ಪ್ರೈವೇಟ್ ಪೈಲಟ್ ಅಂದರೆ ವೈಟ್ ಬೋರ್ಡ್. ಆದರೆ ಊರಲ್ಲಿ ಲಾಭ ಮಾಡಿದೆಯಾ ಅಂತ ಕೇಳಿದರೆ, ಇಲ್ಲಿ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನಿನ್ನ ಜೇಬಿನಿಂದ ಎಷ್ಟು ಹೋಯಿತು ಅಂತ ಕೇಳುತ್ತದೆ. ಎಡವುವುದು ಇಲ್ಲೇ.

ನಿಯಮದ ನಂಬರ್ 61.113. ಅದರ ಸಿ ಕಲಮು ಹೇಳೋದು ಇಷ್ಟೇ: ಪ್ರಯಾಣಿಕರ ಜೊತೆ ಹಾರಿದಾಗ ಪೈಲಟ್ ತನ್ನ ತಲೆಗೆ ಬರುವ ಪಾಲಿಗಿಂತ ಕಮ್ಮಿ ಕೊಡುವಂತಿಲ್ಲ. ಹಂಚಬಹುದಾದ ಖರ್ಚು ನಾಲ್ಕೇ. ಇಂಧನ, ಆಯಿಲ್, ಏರ್‌ಪೋರ್ಟಿನ ಶುಲ್ಕಗಳು, ವಿಮಾನದ ಬಾಡಿಗೆ. ಸ್ವಂತ ವಿಮಾನ ಇದ್ದವರು ಗಮನಿಸಿ. ಹ್ಯಾಂಗರ್ ಬಾಡಿಗೆ, ಇನ್ಶೂರೆನ್ಸ್, ರಿಪೇರಿ, ಇವು ಈ ಪಟ್ಟಿಯಲ್ಲಿ ಇಲ್ಲ.

ಈಗ ನನ್ನ ಪ್ರಸಂಗ. ದುಡ್ಡು ತಗೊಂಡು ಹಾರಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 250 ಗಂಟೆ ಹಾರಾಟ ಬೇಕು, ನನ್ನ ಹತ್ತಿರ 90 ಇತ್ತು. ಗಂಟೆ ಕೂಡಿಸುವ ಹುಚ್ಚು. ಇನ್ನೂರಕ್ಕೂ ಹೆಚ್ಚು ಕನ್ನಡದವರಿದ್ದ ಒಂದು ವಾಟ್ಸಾಪ್ ಗುಂಪಿನಲ್ಲಿ "ಭಾನುವಾರ ರೀಡ್-ಹಿಲ್‌ವ್ಯೂನಿಂದ ಹ್ಯಾರಿಸ್ ರಾಂಚಿಗೆ ಊಟಕ್ಕೆ ಹಾರೋಣ, ತಲೆಗೆ 150 ಡಾಲರ್, ಮೂರು ಸೀಟು" ಅಂತ ಹಾಕಿದೆ. ರೀಡ್-ಹಿಲ್‌ವ್ಯೂ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸಣ್ಣ ಏರ್‌ಪೋರ್ಟು. ಹ್ಯಾರಿಸ್ ರಾಂಚ್ ಗೊತ್ತಲ್ವಾ, ಐ-5 ಹೈವೇ ಪಕ್ಕದ ಸ್ಟೀಕ್ ಹೋಟೆಲು, ಪಕ್ಕದಲ್ಲೇ ಸಣ್ಣ ರನ್‌ವೇ. ಹತ್ತು ನಿಮಿಷದಲ್ಲಿ ಮೂವರು ರೆಡಿ. ಒಬ್ಬರು ಪರಿಚಯದವರು, ಇನ್ನಿಬ್ಬರ ಮುಖವನ್ನು ನಾನು ನೋಡಿದ್ದೇ ವಿಮಾನದ ಹತ್ತಿರ. (ಮೂವರೂ ಸಸ್ಯಾಹಾರಿಗಳು ಅಂತ ಅಲ್ಲಿ ಮೆನು ತೆಗೆದಾಗ ಗೊತ್ತಾಯಿತು. ಆಲೂಗಡ್ಡೆ ತಿಂದು ಬಂದರು ಪಾಪ.)

ನಮ್ಮ ಫ್ಲೈಯಿಂಗ್ ಕ್ಲಬ್ಬಿನ ನಾಲ್ಕು ಸೀಟಿನ ಸಣ್ಣ ವಿಮಾನ, ಸೆಸ್ನಾ 172ಕ್ಕೆ ಇಂಧನ ಸೇರಿ ಗಂಟೆಗೆ 180 ಡಾಲರ್. ಮೀಟರಿನಲ್ಲಿ ಎರಡೂವರೆ ಗಂಟೆ ಬಂತು, 450 ಆಯಿತು. ಇನ್ನೊಂದು 15 ಏರ್‌ಪೋರ್ಟ್ ಶುಲ್ಕ. ಒಟ್ಟು 465. ನಾಲ್ಕು ಜನಕ್ಕೆ ಭಾಗಿಸಿದರೆ ತಲೆಗೆ 116 ಡಾಲರ್ 25 ಸೆಂಟ್. ನಾನು ಮೂವರಿಂದ 150ರಂತೆ 450 ವಸೂಲಿ ಮಾಡಿ ಕೈಯಿಂದ ಕೊಟ್ಟಿದ್ದು 15. ಆದರೂ ಮನಸ್ಸಿನಲ್ಲಿ ಏನಿತ್ತು ಗೊತ್ತಾ? "ನಾನೇನು ಲಾಭ ಮಾಡಿಲ್ಲ, ಹದಿನೈದು ಡಾಲರ್ ನಷ್ಟವೇ ಆಗಿದೆ." ಎಂಥ ಬುದ್ಧಿವಂತ ನೋಡಿ!

ಆ ಮೆಸೇಜಿನ ಸ್ಕ್ರೀನ್‌ಶಾಟ್ ಕೈಯಿಂದ ಕೈಗೆ ಹೋಗಿ ನಮ್ಮ ಕ್ಲಬ್ಬಿನ ಚೀಫ್ ಇನ್‌ಸ್ಟ್ರಕ್ಟರ್ ಫೋನಿಗೂ ಬಂತು. ಕರೆದು ಕೂರಿಸಿ ಒಂದೇ ಪ್ರಶ್ನೆ ಕೇಳಿದರು: "ಇದಕ್ಕೂ ಏರ್ ಟ್ಯಾಕ್ಸಿಗೂ ಏನು ವ್ಯತ್ಯಾಸ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಲಬ್ ನನ್ನನ್ನು ಮೂರು ತಿಂಗಳು ನಿಲ್ಲಿಸಿತು. ಹೆದರಿ ಮೂವರಿಗೂ ದುಡ್ಡು ವಾಪಸ್ ಕೊಟ್ಟೆ. ವಿಮಾನ ವಿಷಯದ ವಕೀಲರೊಬ್ಬರಿಗೆ ಒಂದು ಗಂಟೆಗೆ 400 ತೆತ್ತೆ. ಮೂರು ತಿಂಗಳು ಕಳೆಯುವ ಹೊತ್ತಿಗೆ ಇನ್ನೊಂದು ಪೆಟ್ಟು. ಪ್ರಯಾಣಿಕರನ್ನು ಕೂರಿಸಬೇಕಾದರೆ ಹಿಂದಿನ 90 ದಿನದಲ್ಲಿ ಮೂರು ಸಲ ಏರಿ ಇಳಿದಿರಬೇಕು, ನನ್ನದು ಸೊನ್ನೆ. ಕ್ಲಬ್ಬಿನವರು ಇನ್‌ಸ್ಟ್ರಕ್ಟರ್ ಜೊತೆ ಎರಡು ಗಂಟೆ ಹಾರಿಸಿದರು, 520. ಆ ದಿನದ 465 ಪೂರ್ತಿ ನನ್ನ ತಲೆಗೇ ಬಂದಿತ್ತಲ್ಲ, ಎಲ್ಲ ಸೇರಿ 1,385 ಡಾಲರ್. ನ್ಯಾಯವಾಗಿ ಹೋಗಿದ್ದರೆ 116ರಲ್ಲಿ ಮುಗಿಯುತ್ತಿತ್ತು. ವಿಷಯ ಎಫ್‌ಎಎ ತನಕ ಹೋಗದೆ ಇದ್ದದ್ದು ನನ್ನ ಪುಣ್ಯ. ಹೋಗಿದ್ದರೆ ಲೈಸೆನ್ಸ್ ಅಮಾನತು ಆಗಬಹುದಿತ್ತು, ರದ್ದೂ ಆಗಬಹುದಿತ್ತು.

ವಕೀಲರು ಹೇಳಿದ ಒಂದು ಮಾತು ಇನ್ನೂ ತಲೆಯಲ್ಲಿದೆ. ಲೆಕ್ಕ ತಪ್ಪಿದ್ದು ಸಣ್ಣ ತಪ್ಪಂತೆ, ದೊಡ್ಡದು ಆ ಮೆಸೇಜು. ಅಂದರೆ 116.25ನ್ನು ಸರಿಯಾಗಿ ಹಂಚಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಇದಕ್ಕೆ ಇವರು ಹೋಲ್ಡಿಂಗ್ ಔಟ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಡಂಗುರ ಸಾರೋದು. ಊರಿಗೆಲ್ಲ "ಬನ್ನಿ, ಕರೆದುಕೊಂಡು ಹೋಗ್ತೀನಿ" ಅಂತ ಸಾರಿ ದುಡ್ಡು ತಗೊಂಡರೆ ಅದು ಖರ್ಚು ಹಂಚಿಕೆ ಅಲ್ಲ, ಸಾರಿಗೆ ವ್ಯಾಪಾರ. ಅದಕ್ಕೆ ಬೇರೆಯೇ ಸರ್ಟಿಫಿಕೇಟ್ ಬೇಕು. ಫ್ಲೈಟ್‌ನೌ ಅನ್ನೋ ವೆಬ್‌ಸೈಟ್ ಇದೇ ಕೆಲಸ ಮಾಡಲು ಹೊರಟಿತ್ತು, ಪೈಲಟ್ ತಾನು ಹೋಗುವ ಕಡೆ ಹಾಕೋದು, ಜನ ಸೀಟು ಹಂಚಿಕೊಳ್ಳೋದು. 2015ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟು ಎಫ್‌ಎಎ ಪರ ತೀರ್ಪು ಕೊಟ್ಟಿತು. 2017ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅಷ್ಟೆಲ್ಲ ವಕೀಲರಿದ್ದ ಕಂಪನಿಗೇ ಆಗದ್ದು ನಮ್ಮ ವಾಟ್ಸಾಪಿಗೆ ಆಗುತ್ತದಾ? 2020ರಲ್ಲಿ ಎಫ್‌ಎಎ ಇದರ ಮೇಲೆ 61-142 ಅನ್ನೋ ಸಲಹಾ ಸುತ್ತೋಲೆ ಹೊರಡಿಸಿತು. ಲೈಸೆನ್ಸ್ ಬಂದ ದಿನವೇ ಅದನ್ನು ಓದಿ. ಮೊದಲೇ ಗೊತ್ತಿರುವ ನಾಲ್ಕು ಗೆಳೆಯರನ್ನು ಕೇಳೋದು ಬೇರೆ, ಇನ್ನೂರು ಜನರ ಗುಂಪಿನಲ್ಲಿ ಕೂಗೋದು ಬೇರೆ. ನಮ್ಮವರಿಗೆ ಗುಂಪಿನಲ್ಲಿರುವ ಎಲ್ಲರೂ ನಮ್ಮವರೇ. ಎಫ್‌ಎಎಗೆ ಅವರೆಲ್ಲ ಸಾರ್ವಜನಿಕರು.

ಪಾಲಿನ ಲೆಕ್ಕ ಒಂದು, ಡಂಗುರ ಎರಡು. ಮೂರನೆಯದು, ಹಾರುವ ಕಾರಣ. ನಿಮಗೂ ಆ ಊರಿನಲ್ಲಿ ಸ್ವಂತ ಕೆಲಸ ಇರಬೇಕು. ಊಟ, ಮದುವೆ, ಅಕ್ವೇರಿಯಂ, ಏನಾದರೂ ಸರಿ. "ಲಾಸ್ ಏಂಜಲೀಸ್‌ನಲ್ಲಿ ಇಂಟರ್‌ವ್ಯೂ ಇದೆ, ಡ್ರಾಪ್ ಮಾಡು, ಅರ್ಧ ಕೊಡ್ತೀನಿ" ಅಂದರೆ ಅರ್ಧ ಕೊಟ್ಟರೂ ಅದು ಬಾಡಿಗೆಯೇ. ಕೆಲವರು ಇನ್ನೂ ಧಾರಾಳಿಗಳು. "ಪೂರ್ತಿ ದುಡ್ಡು ನಂದು, ನಿನಗೆ ಗಂಟೆ ತಾನೇ ಬೇಕು" ಅನ್ನುತ್ತಾರೆ. ಆ ಪುಕ್ಕಟೆ ಗಂಟೆಗಳನ್ನೂ ಎಫ್‌ಎಎ ಸಂಭಾವನೆ ಅಂತಲೇ ಎಣಿಸುತ್ತದೆ. ಇದು ನನಗೂ ಮೊದಲು ತಮಾಷೆ ಅನ್ನಿಸಿತ್ತು.

ಆಫೀಸಿನ ಕೆಲಸಕ್ಕೆ ಒಬ್ಬರೇ ಹಾರಿ ಹೋಗಿ ಕಂಪನಿಯಿಂದ ಖರ್ಚು ಪಡೆಯಬಹುದು. ಆದರೆ ಹಾರೋದೇ ನಿಮ್ಮ ಕೆಲಸ ಆಗಿರಬಾರದು. ಪಕ್ಕದಲ್ಲಿ ಸಹೋದ್ಯೋಗಿಯನ್ನು ಕೂರಿಸಿಕೊಂಡ ಕ್ಷಣ ಲೆಕ್ಕ ಬದಲಾಗುತ್ತದೆ, ಕೇಳದೆ ಮುಂದುವರಿಯಬೇಡಿ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಇನ್ನೊಂದು ಎಚ್ಚರಿಕೆ. ಸ್ಪಾನ್ಸರ್ ಮಾಡಿದ ಕಂಪನಿ ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ ಅಲ್ವಾ. ವಿಮಾನದಲ್ಲಿ ಬಾಡಿಗೆ ಹೊಡೆದಿರಿ ಅಂತ ಯಾವುದಾದರೂ ಕಾಗದದಲ್ಲಿ ಬಂದರೆ, ಆಮೇಲೆ ಇಮಿಗ್ರೇಷನ್ ವಕೀಲರಿಗೆ ವಿವರಿಸುತ್ತಾ ಕೂರಬೇಕು. ಇನ್ಶೂರೆನ್ಸ್ ಕಂಪನಿಯೂ ಅಂಥ ಹೊತ್ತಿನಲ್ಲಿ ಕೈ ಎತ್ತಲು ಕಾಯುತ್ತಿರುತ್ತದೆ.

ಯುರೋಪಿನಲ್ಲಿರುವ ಗೆಳೆಯ ನನ್ನನ್ನು ನೋಡಿ ನಗುತ್ತಾನೆ. ಅಲ್ಲಿ ಪೈಲಟ್ ಸೇರಿ ಆರು ಜನರ ತನಕ ನೇರ ಖರ್ಚು ಹಂಚಿಕೊಳ್ಳಬಹುದು, ಪೈಲಟ್ ಸಮಪಾಲು ಕೊಡಲೇಬೇಕು ಅಂತಿಲ್ಲ, ಏನಾದರೂ ಕೊಟ್ಟರೆ ಆಯಿತು. ಹೀಗೆ ಸೀಟು ಹಂಚಿಕೊಳ್ಳಲು ವಿಂಗ್ಲಿ ಅಂತ ವೆಬ್‌ಸೈಟೇ ಇದೆ. ಗಂಟೆ ಕೂಡಿಸುವವನಿಗೆ ಅದು ಸ್ವರ್ಗ. ಆದರೂ ನನಗೆ ಇಲ್ಲಿನದೇ ಸರಿ ಅನ್ನಿಸುತ್ತದೆ. ಆ ಭಾನುವಾರ ವಾಪಸ್ ಬರುವಾಗ ಮೋಡ ತಗ್ಗಿತ್ತು. ಹಿಂದೆ ಕೂತ ಅಪರಿಚಿತರೊಬ್ಬರು "ನಾಳೆ ಬೆಳಿಗ್ಗೆ ಮೀಟಿಂಗ್ ಇದೆ, ಹೇಗಾದರೂ ಮಾಡಿ" ಅಂದರು. ದುಡ್ಡು ತಗೊಂಡಿದ್ದೆನಲ್ಲ, ಬೇಡ ಅನ್ನಲು ನಾಲಿಗೆ ಏಳಲಿಲ್ಲ. 90 ಗಂಟೆಯ ಪೈಲಟ್ ತಿರುಗಿ ಇಳಿಯಬೇಕಾದ ಹೊತ್ತಿನಲ್ಲಿ ಮುಂದೆ ಹೋದೆ. ಏನೂ ಆಗಲಿಲ್ಲ. ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ಈಗ ನಾನು ಮಾಡೋದು ಇಷ್ಟು. ಎಲ್ಲಿಗೆ, ಯಾವಾಗ ಅಂತ ನಾನೇ ತೀರ್ಮಾನಿಸಿ ಆಮೇಲೆ ಗೆಳೆಯರಲ್ಲಿ ಒಬ್ಬಿಬ್ಬರಿಗೆ ಫೋನ್ ಮಾಡ್ತೀನಿ. ಇಳಿದ ಮೇಲೆ ಬಿಲ್ಲಿನ ಫೋಟೋ ಕಳಿಸಿ, ತಲೆಗೆ ಭಾಗಿಸಿ, ಚಿಲ್ಲರೆ ಉಳಿದರೆ ನನ್ನ ಪಾಲಿಗೆ ಸೇರಿಸುತ್ತೇನೆ. ಮೊದಲೇ ಯಾರ ಹತ್ತಿರವೂ ದುಡ್ಡು ತಗೊಳ್ಳಲ್ಲ. ಮೊನ್ನೆ ಒಬ್ಬರು ಲಾಸ್ ವೇಗಸ್‌ಗೆ ಬಿಡ್ತೀಯಾ ಅಂತ ಕೇಳಿದರು. ಸೌತ್‌ವೆಸ್ಟ್ ಏರ್‌ಲೈನ್ಸ್ ಟಿಕೆಟ್‌ನ ಲಿಂಕ್ ಕಳಿಸಿದೆ. ನನ್ನ ಸೆಸ್ನಾದಲ್ಲಿ ಅವರ ಪಾಲಿಗೆ ಬರುತ್ತಿದ್ದ ದುಡ್ಡಿಗಿಂತ ಕಮ್ಮಿಯೇ ಇತ್ತು.