20 ಹಾಕಿದರೆ 20 ಇರಬೇಕು: ಹಿರಿಯರಿಗೆ ಉಲ್ಲನ್ ಹೆಣಿಗೆ

ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಎರಡು ವರ್ಷದಲ್ಲಿ ಒಂಬತ್ತು ಮಂದಿ ಹೆಣಿಗೆ ಶುರು ಮಾಡಿದರು. ಎಲ್ಲರೂ 65 ದಾಟಿದವರು. ಆರು ಮಂದಿ ವಾರದೊಳಗೆ ಬಿಟ್ಟರು. ಬಿಟ್ಟವರೆಲ್ಲ ಹೇಳಿದ್ದು ಒಂದೇ: "ನಂಗೆ ಮರೆವು ಕಣಮ್ಮ, ಲೆಕ್ಕ ನಿಲ್ಲಲ್ಲ." ಅವರ ಕಡ್ಡಿ ಈಸಿಕೊಂಡು ನೋಡಿದೆ. ಮರೆವಿನದೇನೂ ತಪ್ಪಿರಲಿಲ್ಲ. 20 ಕುಣಿಕೆಯಿಂದ ಶುರುವಾದದ್ದು ಹತ್ತನೇ ಸಾಲಿಗೆ 27 ಆಗಿತ್ತು. ಸಾಲು ತಿರುಗಿಸುವಾಗ ನೂಲು ಎಲ್ಲಿರಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಣಿಗೆ ಮಿದುಳಿಗೆ ಒಳ್ಳೆಯದು ಅನ್ನುವುದು ಪೂರಾ ವಾಟ್ಸ್‌ಆ್ಯಪ್ ಮಾತಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನವರು 70ರಿಂದ 89 ವಯಸ್ಸಿನ 1,321 ಜನರನ್ನು ನೋಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಣಿಗೆ, ಕೌದಿಯಂಥ ಕೈಕೆಲಸ, ಓದು, ಆಟ ಇಟ್ಟುಕೊಂಡವರಲ್ಲಿ ನೆನಪು ಮಂಕಾಗುವ ತೊಂದರೆ ಕಡಿಮೆ ಕಂಡಿತ್ತು. ಆದರೆ ಹೆಣೆದಿದ್ದಕ್ಕೆ ತಲೆ ಚುರುಕಾಯಿತೋ, ತಲೆ ಚುರುಕಾಗಿದ್ದವರೇ ಹೆಣೆಯುತ್ತಿದ್ದರೋ, ಅದು ಆ ಅಧ್ಯಯನದಿಂದ ಗೊತ್ತಾಗುವುದಿಲ್ಲ. ಹಾಗಾಗಿ ಉಲ್ಲನ್ ತಂದೆವು ಅಂತ ಬಿಪಿ ಮಾತ್ರೆ ನಿಲ್ಲಿಸಬೇಡಿ. ಬಿಪಿ, ಶುಗರ್, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಇವೆಲ್ಲ ಮರೆವಿನ ಕಾಯಿಲೆಗೆ ದಾರಿ ಮಾಡುವ 14 ಕಾರಣಗಳಲ್ಲಿ ಸೇರಿವೆ ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿಯೇ ಹೇಳುತ್ತದೆ. ಕನ್ನಡಕದ ನಂಬರ್ ಸರಿಯಿದೆಯಾ ನೋಡಿಸಿ, ಆಮೇಲೆ ಕಡ್ಡಿ ಹಿಡಿಯಿರಿ.

ಏನು ತರಬೇಕು

ಅಂಗಡಿಯಲ್ಲಿ ಉಲ್ಲನ್ ಅಂದರೂ ಕೊಡುತ್ತಾರೆ. ಆದರೆ ಮರಾಠಿಯಲ್ಲಿ "ಲೋಕರ್" ಅನ್ನಿ, ಅಂಗಡಿಯವ ನೇರ ಸರಿಯಾದ ಕಪಾಟಿಗೇ ಕೈ ಹಾಕುತ್ತಾನೆ. ಒಂದೇ ಬಣ್ಣದ, ತಿಳಿ ಬಣ್ಣದ, ಸ್ವಲ್ಪ ದಪ್ಪ ನೂಲು ತೆಗೆದುಕೊಳ್ಳಿ. ಕೆನೆ ಬಣ್ಣ, ತಿಳಿ ಹಳದಿ ಚೆನ್ನ. ಕಪ್ಪು ಬೇಡವೇ ಬೇಡ. ಬೆಕ್ಕಿನ ರೋಮದ ಹಾಗೆ ಕೂದಲು ಕೂದಲಾಗಿರುವ ಫ್ಯಾನ್ಸಿ ನೂಲಂತೂ ಅಂಗಡಿಯಲ್ಲೇ ಇರಲಿ. ಅದರಲ್ಲಿ ಕುಣಿಕೆ ಕಾಣುವುದೇ ಇಲ್ಲ, ಎಪ್ಪತ್ತರ ಕಣ್ಣಿಗೆ ಹೋಗಲಿ, ನನ್ನ ಮಗಳ ಕಣ್ಣಿಗೂ.

"ನಮ್ಮ ಮುಂಬೈ ಸೆಕೆಗೆ ಹತ್ತಿ ನೂಲು ಒಳ್ಳೇದಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಬಳಸಲು ಒಳ್ಳೆಯದು, ಕಲಿಯಲು ಅಲ್ಲ. ಹತ್ತಿ ನೂಲು ಎಳೆದರೆ ಹಿಗ್ಗುವುದಿಲ್ಲ, ಸಂಧಿವಾತದ ಬೆರಳು ಬೇಗ ನೋಯುತ್ತದೆ. ಮೊದಲ ಎರಡು ತುಂಡು ಆ್ಯಕ್ರಿಲಿಕ್ ನೂಲಿನಲ್ಲಿ ಆಗಲಿ. ಅದನ್ನು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾತ್ರ ಮಾಡಬೇಡಿ, ಆ್ಯಕ್ರಿಲಿಕ್ ಕರಗಿ ಕೈಗೆ ಅಂಟುತ್ತದೆ.

ಕಡ್ಡಿಯ ನಂಬರಿನಲ್ಲಿ ಒಂದು ತಮಾಷೆಯಿದೆ. ನಮ್ಮ ಅಂಗಡಿಗಳಲ್ಲಿ ಈಗಲೂ ಹಳೇ ಬ್ರಿಟಿಷ್ ನಂಬರ್ ನಡೆಯುತ್ತದೆ, ಅದು ಉಲ್ಟಾ. 8 ನಂಬರಿನದು 4 ಮಿ.ಮೀ., 6 ನಂಬರಿನದು 5 ಮಿ.ಮೀ. ನಂಬರ್ ಏರಿದ ಹಾಗೆ ಕಡ್ಡಿ ಸಪೂರ. ಮೂರನೇ ಮಹಡಿಯ ಬ್ಯಾಂಕ್ ಮಾಮ ದೊಡ್ಡ ನಂಬರ್ ಅಂದರೆ ದಪ್ಪ ಅಂದುಕೊಂಡು 12 ನಂಬರ್ ತಂದಿದ್ದರು, ಊದುಬತ್ತಿಯ ಕಡ್ಡಿ ಹಿಡಿದ ಹಾಗಿತ್ತು. ನೀವು 6 ನಂಬರಿನದು ತನ್ನಿ. ಬಿದಿರಿನದಾದರೆ ಕುಣಿಕೆ ಜಾರುವುದಿಲ್ಲ. ಬಣ್ಣ ಬಳಿದ ಅಗ್ಗದ ಅಲ್ಯುಮಿನಿಯಂ ಕಡ್ಡಿ ನಾಲ್ಕೇ ದಿನಕ್ಕೆ ತುದಿಯಲ್ಲಿ ಸಿಪ್ಪೆ ಏಳುತ್ತದೆ, ನೂಲು ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಹಿಂದೆ ಕ್ರೋಶಾ ಹಾಕಿ ಬಾಗಿಲ ತೋರಣ, ರೇಡಿಯೋ ಮುಸುಕು ಮಾಡಿದವರು ಮನೆಯಲ್ಲಿದ್ದರೆ ಕಡ್ಡಿ ಬೇಡ, ಕ್ರೋಶಾ ಸೂಜಿಯನ್ನೇ ಕೊಡಿ. ತಲೆ ಮರೆತದ್ದನ್ನು ಕೈ ಅಷ್ಟು ಬೇಗ ಮರೆಯುವುದಿಲ್ಲ. ಬರೀ ಸರಪಳಿ ಹಾಕುತ್ತಾ ಕೂತರೂ ಸರಿ.

ಕುಣಿಕೆ ಏರಿಸುವುದು

ಜೀರುಗುಣಿಕೆ (ಎಳೆದರೆ ಬಿಗಿಯಾಗುವ ಕುಣಿಕೆ) ಹಾಕಿ ಎಡಗೈ ಕಡ್ಡಿಗೆ ಸಿಕ್ಕಿಸಿ. ವಿಡಿಯೋಗಳಲ್ಲಿ ಹೆಬ್ಬೆರಳಿಗೆ ನೂಲು ಸುತ್ತಿ ಸರಸರ ಏರಿಸುತ್ತಾರೆ. ನೋಡಲು ಸುಲಭ, ಮೊದಲ ಸಾಲು ಹೆಣೆಯುವಾಗ ಪ್ರಾಣ ತಿನ್ನುತ್ತದೆ. ಎರಡು ಕಡ್ಡಿಯಲ್ಲೇ ಏರಿಸಿ. ಬಲ ಕಡ್ಡಿಯ ತುದಿಯನ್ನು ಕುಣಿಕೆಯೊಳಗೆ ಎಡಗಡೆಯಿಂದ ತೂರಿಸಿ ಹಿಂದಕ್ಕೆ ಹಾಯಿಸಿ. ಹಿಂದಿರುವ ನೂಲನ್ನು ಆ ತುದಿಗೆ ಒಂದು ಸುತ್ತು ಹಾಕಿ. ತುದಿಯ ಜೊತೆ ಆ ಸುತ್ತನ್ನು ಮುಂದಕ್ಕೆ ಎಳೆದುಕೊಳ್ಳಿ. ಬಂದ ಹೊಸ ಕುಣಿಕೆಯನ್ನು ಎಡ ಕಡ್ಡಿಗೆ ಏರಿಸಿ. ಹೀಗೆ, ಮೊದಲ ಜೀರುಗುಣಿಕೆಯೂ ಸೇರಿ, ಒಟ್ಟು 20.

ಎಲ್ಲರೂ ಇಲ್ಲಿ ಬಿಗಿ ಮಾಡಿಬಿಡುತ್ತಾರೆ. ಕುಣಿಕೆ ಬಿದ್ದುಹೋದೀತು ಅನ್ನುವ ಹೆದರಿಕೆಗೆ ಪ್ರತಿ ಸಲ ಜಗ್ಗುತ್ತಾರೆ, ಅದೂ ಕಡ್ಡಿಯ ಚೂಪಾದ ತುದಿಯಲ್ಲಿ. ಆಮೇಲೆ ಆ ಕುಣಿಕೆ ದಪ್ಪ ಭಾಗಕ್ಕೆ ಸರಿಯುವುದೇ ಇಲ್ಲ. ಕುಣಿಕೆಯನ್ನು ಮೊದಲು ದಪ್ಪ ಭಾಗಕ್ಕೆ ತಳ್ಳಿ, ಅಲ್ಲಿ ಮೆಲ್ಲಗೆ ಎಳೆಯಿರಿ. ಪರೀಕ್ಷೆ ಬಳೆಯದ್ದೇ: ಕೈಯಲ್ಲಿ ಬಳೆ ಆಡುವ ಹಾಗೆ ಕಡ್ಡಿಯಲ್ಲಿ ಕುಣಿಕೆ ಆಡಬೇಕು.

ಹೆಣೆಯುವುದೂ ಇದೇ ಚಲನೆ. ವ್ಯತ್ಯಾಸ ಒಂದೇ. ಹೊಸ ಕುಣಿಕೆಯನ್ನು ಎಡ ಕಡ್ಡಿಗೆ ಕೊಡದೆ ಬಲ ಕಡ್ಡಿಯಲ್ಲೇ ಇಟ್ಟುಕೊಂಡು, ಹಳೆಯದನ್ನು ಎಡ ಕಡ್ಡಿಯಿಂದ ಜಾರಿಸಿ ಬಿಡಿ.

ತಿರುವು

ಈಗ ಆ 27ರ ಗುಟ್ಟು. ಸಾಲು ಮುಗಿಯಿತು, ಕಡ್ಡಿಗಳನ್ನು ಕೈ ಬದಲಾಯಿಸಿದಿರಿ. ನೂಲು ನಿಮ್ಮ ಮುಂದೆ, ಮೊದಲ ಕುಣಿಕೆಯ ಬುಡದಲ್ಲಿ ನೇತಾಡುತ್ತಿರುತ್ತದೆ. ಅದು ಹಿಂದಕ್ಕೆ ಹೋಗಬೇಕು. ಎಲ್ಲರೂ ಕಡ್ಡಿಯ ಮೇಲಿನಿಂದ ದಾಟಿಸುತ್ತಾರೆ. ಹಾಗೆ ಮಾಡಿದರೆ ಮೊದಲ ಕುಣಿಕೆ ಮೇಲಕ್ಕೆ ಎಳೆದುಕೊಂಡು ಅದರ ಎರಡೂ ಕಾಲು ಕಡ್ಡಿಯ ಮೇಲೆ ಬಂದು ಕೂರುತ್ತವೆ. ಇರುವುದು ಒಂದೇ ಕುಣಿಕೆ, ಕಾಣುವುದು ಎರಡು. ಪಾಪ, ಅವರು ಎರಡನ್ನೂ ಹೆಣೆಯುತ್ತಾರೆ. ಸಾಲಿಗೊಂದು ಜಾಸ್ತಿ. ಬಟ್ಟೆ ಬೀಸಣಿಗೆಯ ಹಾಗೆ ಅಗಲವಾಗುತ್ತಾ ಹೋಗುತ್ತದೆ.

ಪರಿಹಾರ ಇಷ್ಟೇ: ತಿರುಗಿಸಿದ ಕೂಡಲೇ ನೂಲನ್ನು ಕೆಳಕ್ಕೆ ಒಮ್ಮೆ ಎಳೆಯಿರಿ. ಮೊದಲ ಕುಣಿಕೆ ಒಂದೇ ಇದೆಯಾ ನೋಡಿ. ಆಮೇಲೆ ನೂಲನ್ನು ಕಡ್ಡಿಯ *ಕೆಳಗಿನಿಂದ* ಹಿಂದಕ್ಕೆ ಕಳಿಸಿ. ನಮ್ಮತ್ತೆ ಇದಕ್ಕೆ "ಕೆಳಗೆ, ಒಂದು, ಹಿಂದೆ" ಅಂತ ಮಂತ್ರ ಮಾಡಿಕೊಂಡಿದ್ದಾರೆ. ಪ್ರತಿ ತಿರುವಿಗೂ ಬಾಯಿಬಿಟ್ಟು ಹೇಳುತ್ತಾರೆ.

ಮೊದಲ ಹತ್ತು ಸಾಲು, ಪ್ರತಿ ಸಾಲಿಗೂ ಎಣಿಸಿ. ಜೋರಾಗಿ ಎಣಿಸಿ. ಬೇಸರದ ಕೆಲಸ, ಆದರೆ ತಲೆಗೆ ವ್ಯಾಯಾಮ ಸಿಗುವುದು ಇಲ್ಲೇ ಅಂತ ನನ್ನ ನಂಬಿಕೆ. ಬ್ಯಾಂಕ್ ಮಾಮ ಹಳೇ ಡೈರಿಯಲ್ಲಿ ಸಾಲಿಗೊಂದು ಗೆರೆ ಎಳೆಯುತ್ತಾರೆ, ಐದಕ್ಕೊಂದು ಅಡ್ಡಗೆರೆ. ಕುಣಿಕೆ ಒಂದು ಕಡಿಮೆ ಬಂದ ದಿನ ಅವರ ಮುಖ ನೋಡಬೇಕು, ಸಂಜೆ ಕ್ಯಾಶ್ ಟ್ಯಾಲಿ ಆಗದ ಮುಖ.

ಸಾಲಿನ ಮಧ್ಯೆ ಎದ್ದು ಹೋಗಬೇಡಿ. ಕೊರಿಯರ್‌ನವನು ಬೆಲ್ ಮಾಡಲಿ, ಕಚ್ರಾವಾಲಾ ಕೂಗಲಿ, ಸಾಲು ಮುಗಿಸಿ ಏಳಿ. ಎದ್ದೇಬಿಟ್ಟರೆ ಒಂದು ನೆನಪಿಡಿ: ಉಂಡೆಯ ನೂಲು ಯಾವ ಕಡ್ಡಿಯಿಂದ ಇಳಿದಿದೆಯೋ ಅದು ಬಲಗೈಗೆ.

ಕುಣಿಕೆ ಜಾರಿದರೆ ಅದಕ್ಕೊಂದು ಪಿನ್ ಚುಚ್ಚಿ ನಿಲ್ಲಿಸಿ, ಕ್ರೋಶಾ ಸೂಜಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತಿ. ಇದನ್ನು ಹೆಣೆಯುವವರೇ ಮಾಡಬೇಕು. ನಾನು ಶುರುವಿನಲ್ಲಿ "ಕೊಡಿ ಅತ್ತೆ, ನಾನು ಸರಿ ಮಾಡ್ತೀನಿ" ಅಂತ ಕಿತ್ತುಕೊಳ್ಳುತ್ತಿದ್ದೆ. ನಾಲ್ಕನೇ ಸಲ ಅವರು ಕಡ್ಡಿಯನ್ನು ನನ್ನ ಮಡಿಲಿಗೇ ಹಾಕಿ, "ಹಾಗಾದ್ರೆ ಪೂರ್ತಿ ನೀನೇ ಮಾಡು" ಅಂದರು. ಎರಡು ವಾರ ಮುಟ್ಟಲಿಲ್ಲ.

ಉಳಿದದ್ದು

40 ಸಾಲಿಗೆ ಸರಿಯಾಗಿ ಚೌಕ ಆಗುತ್ತದೆ. ಮುಗಿಸಲು ಎರಡು ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸುತ್ತಾ ಹೋಗಿ, ಕೊನೆಯ ಕುಣಿಕೆಯಲ್ಲಿ ನೂಲು ತೂರಿಸಿ ಬಿಗಿಯಿರಿ.

ಒಂದು ಸಲ ಕೂತರೆ ಇಪ್ಪತ್ತು ನಿಮಿಷ ಸಾಕು, ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ. ಎರಡು ಚೌಕ ಸರಿಯಾದ ಮೇಲೆ ಕೈ ತಾನಾಗಿ ಓಡುತ್ತದೆ. ಆಗ ಸುಮ್ನೆ ಅದನ್ನೇ ಮಾಡುತ್ತಾ ಕೂರದೆ ಎರಡು ಸೀದಾ (ಈಗ ಕಲಿತದ್ದು), ಎರಡು ಉಲ್ಟಾ (ನೂಲು ಮುಂದಿಟ್ಟು ಹೆಣೆಯುವುದು) ಕಲಿಯಿರಿ, ಇಲ್ಲವೇ ನಾಲ್ಕು ಸಾಲಿಗೊಮ್ಮೆ ಬಣ್ಣ ಬದಲಾಯಿಸಿ. ಮುಂಬೈಯಲ್ಲಿ ಸ್ವೆಟರ್ ಯಾರಿಗೆ ಬೇಕು? ಉದ್ದನೆಯ ಪಟ್ಟಿ ಹೆಣೆದು ಮಡಚಿ ಎರಡು ಬದಿ ಹೊಲಿದರೆ ಮೊಬೈಲ್ ಚೀಲ. ಕೈ ನಡುಗುವವರಿಗೆ ಪ್ಲಾಸ್ಟಿಕ್ ಗೂಟಗಳ ಬಳೆಯಾಕಾರದ ಚೌಕಟ್ಟು ಸಿಗುತ್ತದೆ, ಕಡ್ಡಿಯೇ ಬೇಡ. ನನಗಿಷ್ಟವಿಲ್ಲ, ಆದರೆ ಪಕ್ಕದ ವಿಂಗ್‌ನ ಮಾಮಿ ಅದರಲ್ಲೇ ಮೂರು ಟೋಪಿ ಮಾಡಿ ಮೊಮ್ಮಗನಿಗೆ ಪುಣೆಗೆ ಕಳಿಸಿದರು.

ನಮ್ಮತ್ತೆಯ ಮೊದಲ ತುಂಡು 20ರಲ್ಲಿ ಶುರುವಾಗಿ 31ಕ್ಕೆ ಮುಗಿದಿದೆ. ಬಿಚ್ಚಲು ಒಪ್ಪಲಿಲ್ಲ. ಟಿವಿ ರಿಮೋಟಿನ ಕೆಳಗಿದೆ. ಅದರ ಪಕ್ಕದಲ್ಲೇ ಎಂಟನೆಯದು, 20ರಲ್ಲಿ ಶುರು, 20ಕ್ಕೆ ಮುಕ್ತಾಯ. ಬಂದವರಿಗೆಲ್ಲ ಎರಡನ್ನೂ ಎಣಿಸಲು ಕೊಡುತ್ತಾರೆ.